ಅಡ್ಡ ನೂಲು

ಅಣ್ಣಾ ನಗರದ ಆ ಬಟ್ಟೆ ಅಂಗಡಿಯ ಹೆಂಗಸಿನ ಮೇಲೆ ನನಗಿದ್ದ ಸಿಟ್ಟು ಇಳಿದಿದೆ ಎಂದು ನನ್ನ ಮಗಳು ತಿಳಿದುಕೊಂಡಿದ್ದಾಳೆ. ಇಳಿದಿಲ್ಲ. ಗಂಡ ತೀರಿಕೊಂಡು ಒಂದು ವರ್ಷ ಎರಡು ತಿಂಗಳಾಯಿತು. ಅಳು ಕಡಿಮೆಯಾಗಿದೆ, ಊಟ ಸೇರುತ್ತದೆ, ಸಿಟ್ಟು ಮಾತ್ರ ಇಟ್ಟ ಜಾಗದಲ್ಲೇ ಇದೆ. ಅದನ್ನು ಬರೆಯೋಣ ಎಂದು ಕೂತಿದ್ದೇನೆ. ನಾನು ಓದಿದ್ದು ಹತ್ತನೆಯ ತರಗತಿ, ಉಡುಪಿ ಕಡೆಯ ಕನ್ನಡ ಶಾಲೆಯಲ್ಲಿ. ಮದುವೆಯಾಗಿ ಚೆನ್ನೈಯ ಪೆರಂಬೂರಿಗೆ ಬಂದ ಮೇಲೆ ಕನ್ನಡದಲ್ಲಿ ಬರೆದದ್ದು ತವರಿಗೆ ಕಾಗದ ಮತ್ತು ದಿನಸಿ ಚೀಟಿ, ಅಷ್ಟೆ. ತಪ್ಪಿದ್ದರೆ ಓದುವವರು ಸರಿಮಾಡಿಕೊಳ್ಳಬೇಕು.

ನನ್ನ ಗಂಡ ಇಲ್ಲಿನ ಬೋಗಿ ಕಾರ್ಖಾನೆಯಲ್ಲಿ ಮೂವತ್ನಾಲ್ಕು ವರ್ಷ ಸೀಟುಗಳಿಗೆ, ಬರ್ತುಗಳಿಗೆ ಹೊದಿಕೆ ಹೊಲಿದವರು. ಗಂಡಸು ಹೊಲಿಗೆ ಕೆಲಸ ಮಾಡುತ್ತಾನೆ ಎಂದು ನನ್ನ ತವರಿನಲ್ಲಿ ಮೊದಮೊದಲು ನಗುತ್ತಿದ್ದರು. ಇವರು ತಲೆ ಕೆಡಿಸಿಕೊಳ್ಳಲಿಲ್ಲ. ರೆಕ್ಸಿನ್, ಫೋಮು, ಕ್ಯಾನ್ವಾಸು, ಯಾವುದನ್ನಾದರೂ ಕಣ್ಣು ಮುಚ್ಚಿ ಎರಡು ಬೆರಳಿನಲ್ಲಿ ತಿಕ್ಕಿ ಇಂಥದ್ದು ಎಂದು ಹೇಳುತ್ತಿದ್ದರು. ನನ್ನ ಸೀರೆಯ ಸೆರಗನ್ನು ಹಾಗೆ ತಿಕ್ಕಿ, "ಇದು ಕಾಟನ್ ಅಂತ ಕೊಟ್ಟವನು ಯಾರು? ಅವನ ಮನೆಯವ್ರಿಗೆ ಉಡ್ಸಿ ಬಿಸಿಲಲ್ಲಿ ನಿಲ್ಲಿಸ್ಬೇಕು" ಎಂದದ್ದುಂಟು.

ಬೆರಳಿನ ಮೇಲೆ ಅಷ್ಟು ನಂಬಿಕೆ ಇದ್ದರೂ ಅವರು ನೂಲು ಸುಡದೆ ಬಟ್ಟೆಯನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲ. ಕೆಲಸದಲ್ಲಿ ಬಟ್ಟೆಯ ಮಾದರಿಗಳನ್ನು ಬೆಂಕಿಗೆ ಹಿಡಿದು ನೋಡುವ ಕ್ರಮವಿತ್ತಂತೆ. ಅದನ್ನೇ ಮನೆಗೆ ತಂದಿದ್ದರು. ಸ್ಟೀಲಿನ ತಟ್ಟೆ, ಒಂದು ಚಿಮಟ, ಬೆಂಕಿಪೆಟ್ಟಿಗೆ. ಬಟ್ಟೆಯ ಅಂಚಿನಿಂದ ಒಂದು ಎಳೆ ನೂಲು ಎಳೆದು ಚಿಮಟದಲ್ಲಿ ಹಿಡಿದು ಕಡ್ಡಿ ಗೀರುವುದು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಿಗೆ ಹಿಟ್ಟಿನಂತೆ ಹತ್ತುತ್ತದೆ. ಪಾಲಿಯೆಸ್ಟರ್ ಆದರೆ ನೂಲು ಬೆಂಕಿ ಕಂಡು ಹಿಂದಕ್ಕೆ ಸರಿಯುತ್ತದೆ, ಕರಗುತ್ತದೆ, ಕೊನೆಗೆ ಸಾಸಿವೆ ಗಾತ್ರದ ಗಟ್ಟಿ ಕಪ್ಪು ಮಣಿಯಾಗುತ್ತದೆ. ಒಂದು ಎಳೆ ಸುಟ್ಟರೆ ಅವರಿಗೆ ಸಾಲದು. "ಉದ್ದದ್ದೊಂದು, ಅಡ್ಡದ್ದೊಂದು. ಎರಡೂ ಸುಡ್ಬೇಕು ಮಾರಾಯ್ತಿ. ಒಂದು ಸುಟ್ಟು ಕೈ ತೊಳ್ಕೊಳ್ಳುದಲ್ಲ" ಎನ್ನುತ್ತಿದ್ದರು. ನೇಯುವವರು ಉದ್ದ ನೂಲು ಒಂದು ಜಾತಿಯದ್ದು, ಅಡ್ಡ ನೂಲು ಇನ್ನೊಂದು ಜಾತಿಯದ್ದು ಹಾಕುವುದುಂಟು. ಅಗ್ಗ ಮಾಡಬೇಕೆಂದಿದ್ದವರು ಅಡ್ಡಕ್ಕೆ ಕಳಪೆ ತುರುಕುತ್ತಾರೆ.

ನಿವೃತ್ತಿಯಾದ ಮೇಲೆ ಈ ಹಟ ಇನ್ನೂ ಹೆಚ್ಚಿತು. ನಮ್ಮ ಬೀದಿಯ ತುದಿಯ ಗುಜರಿಯವನ ಅಂಗಳದಲ್ಲಿ ಹಳೆಯ ರೆಕ್ಸಿನ್ ತುಂಡುಗಳ ಒಂದು ಗುಡ್ಡೆ ಇತ್ತು. ಇವರು ಕೆಲಸಕ್ಕೆ ಸೇರಿದ ವರ್ಷ ನೋಡಿದ ಗುಡ್ಡೆ ನಿವೃತ್ತಿಯ ದಿನವೂ ಹಾಗೇ ಇತ್ತಂತೆ, ಬಣ್ಣವೂ ಸರಿಯಾಗಿ ಹೋಗಿರಲಿಲ್ಲ. "ನಾನು ಸತ್ತು ಮಣ್ಣಾದ ಮೇಲೂ ಇದು ಇಲ್ಲೇ ಇರ್ತದೆ" ಎಂದು ಬಂದು ಕೂತವರು, ಇನ್ನು ಮಣ್ಣು ತಿನ್ನದ ಬಟ್ಟೆ ಈ ಮನೆಗೆ ಬೇಡ ಎಂದರು. ಟೆರೇಸಿನ ಕರಿಬೇವಿನ ಕುಂಡದಲ್ಲಿ ಬಟ್ಟೆಯ ಚೂರುಗಳನ್ನು ಹೂತು, ತಿಂಗಳಿಗೊಮ್ಮೆ ಅಗೆದು ನೋಡುತ್ತಿದ್ದರು. ಮಗಳು ಅದನ್ನು ನೋಡಿ, "ಅಪ್ಪಾ, ಯಾರನ್ನ ಕೊಂದು ಹೂತಿದ್ದೀಯ" ಎಂದು ತಮಿಳಿನಲ್ಲಿ ಕೇಳುವಳು. ಅವಳು ಕನ್ನಡ ತಿಳಿದರೂ ಉತ್ತರ ಕೊಡುವುದು ತಮಿಳಿನಲ್ಲೇ.

ಅಂದಿನಿಂದ ನಮ್ಮ ಮನೆಗೆ ರೆಡಿಮೇಡ್ ಬರಲಿಲ್ಲ. ಬ್ಲೀಚ್ ಮಾಡದ ಕೋರಾ ಬಟ್ಟೆ, ಕೈಮಗ್ಗದ ತುಂಡು, ನನ್ನ ಹಳೆಯ ಕಾಟನ್ ಸೀರೆಗಳು. ಸೀರೆ ಹಳತಾದಷ್ಟೂ ಒಳ್ಳೆಯದು, ನೂರು ಸಲ ಒಗೆದ ಬಟ್ಟೆಯಲ್ಲಿ ಹೊಲಿದ ಅಂಗಿಗೆ ಸಮ ಬೇರೊಂದಿಲ್ಲ. ಹೊಸ ಬಟ್ಟೆಯನ್ನು ಒಂದು ದಿನ ನೀರಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿ ಹಾಕುವುದು. ಅವರು ಅಳತೆ ಹಾಕಿ ಕತ್ತರಿಸುವರು, ನಾನು ಹೊಲಿಯುವೆ. ನನ್ನ ಹೊಲಿಗೆಯ ನೇರ ನೋಡಿ ಅವರು ಏನೂ ಹೇಳುತ್ತಿರಲಿಲ್ಲ. ಏನೂ ಹೇಳದಿದ್ದರೆ ಚೆನ್ನಾಗಿದೆ ಎಂದೇ ಅರ್ಥ.

ಆಮೇಲೆ ಅವರ ಕಿಡ್ನಿ ಕೆಟ್ಟಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಎಡಗೈಗೆ ಸೂಜಿ ಚುಚ್ಚುತ್ತಿದ್ದರು. ಮಾಮೂಲಿ ಅಂಗಿಯ ತೋಳು ಮೇಲೆ ಏರಿಸಿದರೆ ಬಿಗಿಯುತ್ತಿತ್ತು. ಅದಕ್ಕೆ ನಾನು ಎಡತೋಳಿನ ಹೊಲಿಗೆ ಬಿಚ್ಚಿ, ಹೆಗಲಿನಿಂದ ಮಣಿಕಟ್ಟಿನವರೆಗೆ ಲಾಡಿಗಳನ್ನು ಇಟ್ಟು, ಬೇಕಾದಾಗ ಬಿಚ್ಚಿ ಕಟ್ಟುವಂತೆ ಅಂಗಿ ಹೊಲಿದೆ. ಅಲ್ಲಿನ ನರ್ಸುಗಳು ಅದನ್ನು ನೋಡಿ ಫೋಟೋ ತೆಗೆದುಕೊಂಡರು. ಮೈ ಒಣಗಿ ಹಾಳೆಯಂತಾಗಿತ್ತು, ಬಟ್ಟೆ ತಾಗಿದರೆ ನೋವು. ಹಳೆಯ ಸೀರೆಗಳು ಮುಗಿದವು. ಇನ್ನೂ ಎರಡು ಅಂಗಿಗೆ ಮೆತ್ತಗಿನ ಬಟ್ಟೆ ಬೇಕಿತ್ತು.

ಹಾಗೆ ಅಣ್ಣಾ ನಗರದ ಆ ಅಂಗಡಿಗೆ ಹೋದೆ. ಹೊಸ ಅಂಗಡಿ. ಮನೆಯಲ್ಲಿ ಬಟ್ಟೆ ಹೊಲಿದುಕೊಳ್ಳುವವರಿಗಾಗಿಯೇ ಎಂದು ಬೋರ್ಡು, ಬಾಗಿಲಲ್ಲಿ ಮಣ್ಣಿನ ಕುಂಡಗಳು, ಪ್ಲಾಸ್ಟಿಕ್ ಚೀಲ ಇಲ್ಲ. ಬಿದಿರು ಮತ್ತು ಹತ್ತಿ ಸೇರಿಸಿ ನೇಯ್ದದ್ದು, ಬೇರೇನೂ ಬೆರೆತಿಲ್ಲ ಎಂದು ಚೀಟಿ ಅಂಟಿಸಿದ್ದ ಒಂದು ಥಾನನ್ನು ಮುಟ್ಟಿದೆ. ಬೆಣ್ಣೆಯಂತಿತ್ತು. ಎಷ್ಟು ಮೀಟರ್ ಬೇಕಾದೀತು ಎಂದು ಬಾಯಲ್ಲೇ ಲೆಕ್ಕ ಹಾಕುತ್ತಿದ್ದೆ, ಕನ್ನಡದಲ್ಲಿ. ಆಗ ಅಂಗಡಿಯ ಹೆಂಗಸು ಹತ್ತಿರ ಬಂದಳು. ನನಗಿಂತ ಹತ್ತು ವರ್ಷ ಚಿಕ್ಕವಳು.

"ನೀವು ಊರಿನ ಕಡೆಯವ್ರಾ ಅಕ್ಕ? ಉಡುಪಿಯಾ?"

ನಲವತ್ತು ವರ್ಷದಿಂದ ಚೆನ್ನೈಯಲ್ಲಿದ್ದವರಿಗೆ ಮಾತ್ರ ಇದು ಗೊತ್ತಾಗುತ್ತದೆ. ಕನ್ನಡ ಎಲ್ಲೆಲ್ಲೋ ಕೇಳುತ್ತದೆ, ಹೋಟೆಲುಗಳಲ್ಲಿ, ಬ್ಯಾಂಕಿನಲ್ಲಿ, ರೈಲಿನವರ ಮನೆಗಳಲ್ಲಿ. ಆದರೆ ಅದು ಅವರವರ ಕನ್ನಡ. ನಮ್ಮ ಊರಿನ ರಾಗದಲ್ಲಿ, 'ಉಂಟು', 'ಎಂತದು', 'ಆಯ್ತಾ' ಎಂದು ಯಾರಾದರೂ ಅಪರಿಚಿತರು ಮಾತಾಡಿಸಿದರೆ ಮೈಯೆಲ್ಲ ಸಡಿಲವಾಗುತ್ತದೆ. ನಾನು ಮಾತಾಡುತ್ತಾ ನಿಂತೆ. ಕುಚ್ಚಲಕ್ಕಿ ಎಲ್ಲಿ ತರ್ತೀರಿ ಎಂದು ಆಕೆ ಕೇಳಿದಳು. ಕೋಯಂಬೇಡು ಮಾರ್ಕೆಟಿನಲ್ಲಿ ಮಂಗಳೂರು ಸೌತೆ ಯಾವ ಸಾಲಿನಲ್ಲಿ ಸಿಗುತ್ತದೆ ಎಂದು ನಾನು ಹೇಳಿಕೊಟ್ಟೆ. ಗಂಡನ ಹೊಲಿಗೆ ಕೆಲಸ, ಮುಟ್ಟಿದರೆ ಬಟ್ಟೆ ತಿಳಿಯುವ ಅವರ ಬೆರಳು, ಈಗಿನ ಕಾಯಿಲೆ, ಎಲ್ಲವನ್ನೂ ಹೇಳಿದೆ. ಆಕೆ ಕಣ್ಣಲ್ಲಿ ನೀರು ತಂದುಕೊಂಡಳು. ಮಾತಿನ ನಡುವೆ ನನ್ನ ಕೈ ಅಭ್ಯಾಸದಂತೆ ಥಾನಿನ ಅಂಚಿಗೆ ಹೋಗಿ ಒಂದು ನೂಲು ಹಿಡಿದಿತ್ತು. ಆಕೆ ಅದನ್ನು ನೋಡಿದಳು.

"ನಮ್ಮವ್ರಿಗೆ ನಾನು ಸುಳ್ಳು ಹೇಳ್ತೇನಾ ಅಕ್ಕ?" ಎಂದಳು, ನಗುತ್ತಾ.

ನಾನು ಕೈ ಬಿಟ್ಟೆ. ನೂಲು ಎಳೆದರೆ ಆಕೆಗೆ ಅವಮಾನ ಎನಿಸಿತು.

ಮನೆಗೆ ಬಂದಾಗ ಇವರು ಮಂಚದ ಮೇಲೆ ಒರಗಿದ್ದರು. ಬಟ್ಟೆಯನ್ನು ಮಡಿಲಲ್ಲಿ ಇಟ್ಟೆ. ಅಂಗಡಿಯವಳು ನಮ್ಮೂರಿನವಳು, ಎಷ್ಟು ಒಳ್ಳೆಯವಳು, ಹೀಗೆ ಮಾತಾಡಿದಳು, ಹಾಗೆ ಕೇಳಿದಳು ಎಂದು ಒಂದೇ ಸಮ ಹೇಳಿದೆ. ಅವರು ಬಟ್ಟೆಯನ್ನು ಎರಡು ಬೆರಳಿನಲ್ಲಿ ತಿಕ್ಕಿದರು.

"ಸುಟ್ಟು ನೋಡಿದ್ಯಾ?"

"ನೋಡಿದೆ."

"ಎರಡೂ?"

"ಎರಡೂ."

ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ನಾನು ಅವರಿಗೆ ಸುಳ್ಳು ಹೇಳಿಲ್ಲ ಎಂದಲ್ಲ. ಆದರೆ ಬಟ್ಟೆಯ ವಿಷಯದಲ್ಲಿ ಹೇಳಿದ್ದು ಅದೊಂದೇ. ಅವರು ನನ್ನ ಮುಖ ನೋಡಿ, "ಆಯ್ತು, ಹೊಲಿ" ಎಂದರು.

ಎರಡು ಅಂಗಿ ಹೊಲಿದೆ. ಒಂದು ಒಗೆದಾಗ ಇನ್ನೊಂದು. ನಲವತ್ತೊಂದು ದಿನ ಅವನ್ನೇ ಹಾಕಿಕೊಂಡರು. ಲೆಕ್ಕ ಸರಿಯಿದೆ, ಡಯಾಲಿಸಿಸ್ ದಿನಗಳನ್ನು ಗುರುತು ಹಾಕಿದ ಕ್ಯಾಲೆಂಡರ್ ನನ್ನ ಹತ್ತಿರ ಇದೆ. ಏಪ್ರಿಲ್ ಸೆಕೆ, ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಅಂಥ ಸೆಕೆಯಲ್ಲಿ ಅಂಗಿಯ ಒಳಗೆ ಹಳೆಯ ಬನಿಯನ್ ಬೇಕು ಎಂದು ಹಟ ಹಿಡಿದರು. ಯಾಕೆ ಎಂದರೆ, ಡಯಾಲಿಸಿಸ್ ಮುಗಿದ ಮೇಲೆ ಚಳಿಯಾಗುತ್ತದೆ ಎಂದರು. ಬನಿಯನ್ ಇಲ್ಲದ ಜಾಗದಲ್ಲಿ, ತೋಳಿನಲ್ಲಿ, ಕುತ್ತಿಗೆಯ ಹಿಂದೆ, ಕೆಂಪಗೆ ಗಂಧೆ ಎದ್ದವು. ಕೆರೆದುಕೊಂಡರು. ಉಗುರು ಕತ್ತರಿಸಿದೆ. ಗೋಡೆಗೆ ಬೆನ್ನು ತಿಕ್ಕಿದರು. ತೆಂಗಿನೆಣ್ಣೆ ಹಚ್ಚಿದೆ, ಎಣ್ಣೆ ಹಚ್ಚಿದ ಮೈಗೆ ಬಟ್ಟೆ ಅಂಟಿಕೊಂಡು ಇನ್ನೂ ಹೆಚ್ಚಾಯಿತು. ನರ್ಸು ಹೇಳಿದರು, ಈ ಕಾಯಿಲೆಗೆ ತುರಿಕೆ ಇದ್ದದ್ದೇ ಅಮ್ಮಾ ಎಂದು. ನಾನು ನಂಬಿದೆ. ಕೊನೆಯ ದಿನಗಳಲ್ಲಿ ಅವರು ನನ್ನ ಜೊತೆ ಮಾತಾಡಿದ್ದಕ್ಕಿಂತ ಕೆರೆದುಕೊಂಡದ್ದೇ ಹೆಚ್ಚು.

ಅವರು ಹೋದದ್ದು ಬಟ್ಟೆಯಿಂದಲ್ಲ. ಇದನ್ನು ನಾನೇ ಹೇಳುತ್ತೇನೆ, ಬೇರೆಯವರು ಹೇಳುವ ಮೊದಲು. ಆದರೆ ನಲವತ್ತೊಂದು ದಿನ ಉಳಿದಿತ್ತು ನಮಗೆ. ಅದನ್ನು ಹೀಗೆ ಕಳೆಯಬೇಕಾಗಿರಲಿಲ್ಲ.

ಅವರ ಬಟ್ಟೆಗಳನ್ನು ಒಂದು ವರ್ಷ ಮುಟ್ಟಲಿಲ್ಲ. ವರ್ಷದ ಕಾರ್ಯ ಮುಗಿದ ಮೇಲೆ ಮಗಳು ಬೀರು ತೆಗೆದು, ಯಾರಿಗಾದರೂ ಕೊಡೋಣ ಎಂದಳು. ಲಾಡಿಯ ಅಂಗಿಗಳನ್ನು ಯಾರಿಗೆ ಕೊಡುವುದು? ಬಿಚ್ಚಿ ದಿಂಬಿನ ಚೀಲವಾದರೂ ಮಾಡೋಣ ಎಂದು ಕೂತೆ. ಹೊಲಿಗೆ ಬಿಚ್ಚಿದ ಅಂಚಿನಿಂದ ನೂಲು ಬಂತು. ತಟ್ಟೆ, ಚಿಮಟ, ಬೆಂಕಿಪೆಟ್ಟಿಗೆ ಅವರಿಟ್ಟ ಜಾಗದಲ್ಲೇ ಇದ್ದವು. ಬೇರೆ ಯೋಚನೆಯಿಲ್ಲದೆ ಸುಟ್ಟೆ. ಉದ್ದ ನೂಲು. ಕಾಗದದ ವಾಸನೆ, ಬೂದಿ. ಆಮೇಲೆ ಅಡ್ಡ ನೂಲು ಎಳೆದೆ. ಅದು ಬೆಂಕಿ ಕಂಡು ಹಿಂದಕ್ಕೆ ಸರಿಯಿತು.

ಇನ್ನೊಂದು ಅಂಗಿಯದ್ದೂ ಸುಟ್ಟೆ. ತೋಳಿನದ್ದು, ಬೆನ್ನಿನದ್ದು, ಕಾಲರಿನದ್ದು. ತಟ್ಟೆಯಲ್ಲಿ ಒಂಬತ್ತು ಕಪ್ಪು ಮಣಿ ಕೂತವು. ಮಗಳು ಬಂದು ನೋಡಿದಳು. ನಾನು ಹೇಳಿದೆ. ಅವಳು, "ವಿಡುಮ್ಮಾ. ಅಪ್ಪ ಇಲ್ಲ ಈಗ. ಇನ್ನು ಯಾಕೆ?" ಎಂದಳು. ಬಿಟ್ಟುಬಿಡು ಎಂದು. ನಾನು ಬಿಡಲಿಲ್ಲ.

ಆಕೆ ಕ್ಷಮೆ ಕೇಳಬೇಕು ಎಂದು ನನಗೆ ಇರಲಿಲ್ಲ. ಕ್ಷಮೆ ಬಾಯಿಂದ ಬರುತ್ತದೆ, ಆಕೆಯ ಬಾಯಿ ಚೆನ್ನಾಗಿತ್ತು. ಆ ಬಟ್ಟೆ ಮೈಮೇಲೆ ಏನು ಮಾಡುತ್ತದೆ ಎಂದು ಆಕೆಗೆ ಗೊತ್ತಾಗಬೇಕಿತ್ತು. ಅಷ್ಟೇ ಬೇಕಿತ್ತು, ಈಗಲೂ ಬೇಕಾದದ್ದು ಅಷ್ಟೆ.

ಮರುದಿನವೇ ಹೋಗಿ ಕೂಗಾಡಬಹುದಿತ್ತು. ನನಗೆ ಕೂಗಲಿಕ್ಕೆ ಬರುವುದಿಲ್ಲ. ಕಾಯಲಿಕ್ಕೆ ಬರುತ್ತದೆ. ಅಂಗಡಿಯ ಮಹಡಿಯಲ್ಲಿ ಶನಿವಾರ ಶನಿವಾರ ಮೂರು ವಾರ ಪಾಠ ನಡೆಯುತ್ತದೆ, ಭೂಮಿಗೆ ಭಾರವಾಗದ ಬಟ್ಟೆಯನ್ನು ಆರಿಸುವುದು ಹೇಗೆ, ಮನೆಯಲ್ಲಿ ಹೊಲಿಯುವುದು ಹೇಗೆ ಎಂದು. ಹೆಸರು ಬರೆಸಿದೆ.

ಮೊದಲ ಶನಿವಾರ ಆಕೆ ನನ್ನನ್ನು ಕೂಡಲೇ ಗುರುತು ಹಿಡಿದಳು. "ಅಕ್ಕ, ಯಜಮಾನ್ರು ಹೇಗಿದ್ದಾರೆ?" ಎಂದಳು.

"ಇಲ್ಲ."

ಆಕೆ ನನ್ನ ಕೈ ಹಿಡಿದುಕೊಂಡಳು. ಫ್ಯಾನಿನ ಕೆಳಗಿನ ಕುರ್ಚಿಯನ್ನು ನನಗೆ ಬಿಡಿಸಿಕೊಟ್ಟಳು. ಪಾಠದ ನಡುವೆ ಎಲ್ಲರಿಗೂ ಚಹಾ, ನನಗೆ ಮಾತ್ರ ಮನೆಯಿಂದ ಫ್ಲಾಸ್ಕಿನಲ್ಲಿ ತಂದ ಕಾಫಿ. ಕುಡಿದೆ. ಒಳ್ಳೆಯ ಕಾಫಿಯೇ. ಹಗೆ ಇದ್ದವರ ಕೈಯ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ ಎನ್ನುತ್ತಾರೆ, ನನಗೆ ಇಳಿಯಿತು.

ಪಾಠ ಕೆಟ್ಟದ್ದಾಗಿರಲಿಲ್ಲ, ಅದನ್ನೂ ಹೇಳಬೇಕು. ಲಿನನ್ ಯಾಕೆ ಬೇಗ ಸವೆಯುವುದಿಲ್ಲ, ಗಾಢ ಬಣ್ಣ ಹಾಕಿದ ಬಟ್ಟೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ, ಕತ್ತರಿಸಿ ಉಳಿದ ಚೂರನ್ನು ಏನು ಮಾಡಬಹುದು ಎಂದೆಲ್ಲ ಆಕೆ ತಮಿಳಿನಲ್ಲಿ ಚೆನ್ನಾಗಿಯೇ ಹೇಳಿದಳು. ನನ್ನನ್ನು ಬಿಟ್ಟು ಹನ್ನೊಂದು ಹೆಂಗಸರು. ನನ್ನ ಪಕ್ಕದಲ್ಲಿ ಒಬ್ಬರು ವಯಸ್ಸಾದ ತಮಿಳು ಅಮ್ಮ, ನಿವೃತ್ತ ಟೀಚರು. ಮೊಮ್ಮಗನಿಗೆ ಜುಬ್ಬ ಹೊಲಿದಿದ್ದರಂತೆ, ಅದೇ ಬಿದಿರಿನ ಬಟ್ಟೆಯಲ್ಲಿ. ಫೋನಿನಲ್ಲಿ ತೋರಿಸಿದರು. ಆಗಲೇ ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಮೂರನೆಯ ಶನಿವಾರಕ್ಕೆ ಇಟ್ಟುಕೊಂಡೆ. ಇದು ನನ್ನ ತಪ್ಪು ಎಂದು ನನಗೆ ಗೊತ್ತು.

ಮೂರನೆಯ ಶನಿವಾರದ ಪಾಠ ಬಟ್ಟೆಯನ್ನು ಪರೀಕ್ಷಿಸುವುದು. ಆಕೆ ಮೇಜಿನ ಮೇಲೆ ಮೇಣದ ಬತ್ತಿ ಹಚ್ಚಿ, ಅದೇ ಥಾನನ್ನು ತಂದಿಟ್ಟಳು. ಅದೇ ಚೀಟಿ ಇತ್ತು. ಬಟ್ಟೆಯನ್ನು ಬಿಡಿಸಿ, ಉದ್ದಕ್ಕೆ ಒಂದು ನೂಲು ಎಳೆದು ಬತ್ತಿಗೆ ಹಿಡಿದಳು. ಕಾಗದದ ವಾಸನೆ. ಬೂದಿಯನ್ನು ಬೆರಳಿನಿಂದ ಉಜ್ಜಿ ಎಲ್ಲರಿಗೂ ತೋರಿಸಿದಳು. ಟೀಚರಮ್ಮ ತಲೆಯಾಡಿಸಿದರು.

ನಾನು ಎದ್ದು ಮೇಜಿನ ಹತ್ತಿರ ಹೋದೆ. ಕನ್ನಡದಲ್ಲಿ ಹೇಳಲಿಲ್ಲ. ಎಲ್ಲರಿಗೂ ತಿಳಿಯಲಿ ಎಂದು ನನ್ನ ಪೆರಂಬೂರಿನ ತಮಿಳಿನಲ್ಲಿ ಹೇಳಿದೆ, ಇನ್ನೊಂದು ನೂಲು ಅಡ್ಡಕ್ಕೆ ಎಳೆಯಿರಿ ಎಂದು.

"ಎರಡೂ ಒಂದೇ ಅಕ್ಕ," ಎಂದಳು ಆಕೆ, ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ.

"ಒಂದೇ ಆದ್ರೆ ಸುಡ್ಲಿಕ್ಕೆ ಎಂತ?"

ಆಕೆ ಕೈ ಹಾಕಲಿಲ್ಲ. ನಾನೇ ಎಳೆದೆ, ಟೀಚರಮ್ಮನ ಕೈಗೆ ಮನೆಯಿಂದ ತಂದಿದ್ದ ಚಿಮಟ ಕೊಟ್ಟೆ. ನನ್ನ ಕೈಯಲ್ಲಿ ಸುಟ್ಟರೆ ಏನೋ ಮಾಡಿದೆ ಎನ್ನಬಹುದು. ನೂಲು ಬತ್ತಿಯ ಹತ್ತಿರ ಹೋದದ್ದೇ ಮುದುರಿತು, ಕಪ್ಪು ಹೊಗೆ ಬಂತು, ಹನಿಯಾಗಿ ತೊಟ್ಟಿಕ್ಕಿ ಮೇಜಿನ ಮೇಲೆ ಗಟ್ಟಿಯಾಯಿತು.

"ಉರುಗುದೇ" ಎಂದರು ಟೀಚರಮ್ಮ. ಕರಗುತ್ತಿದೆಯಲ್ಲ ಎಂದು. ಆಮೇಲೆ ಅಂಗಡಿಯವಳ ಕಡೆ ತಿರುಗಿ, "ಎನ್ನೋಡ ಪೇರನುಕ್ಕು ಇದುಲ ದಾನೇ ತೈಚ್ಚೇನ್" ಎಂದರು. ನನ್ನ ಮೊಮ್ಮಗನಿಗೆ ಇದರಲ್ಲೇ ಅಲ್ಲವಾ ಹೊಲಿದದ್ದು. ಉಳಿದವರು ಎದ್ದು ಬಂದು ತಾವೂ ಎಳೆದರು, ತಾವೂ ಸುಟ್ಟರು. ಕೋಣೆ ತುಂಬ ಆ ಸಿಹಿ ಸಿಹಿ ಕೆಟ್ಟ ವಾಸನೆ. ಒಬ್ಬಳು ಹುಡುಗಿ, "ಇದುಕ್ಕು ಫೀಸ್ ಬೇರೆ ವಾಂಗಿನಾಂಗ" ಎಂದು ನಕ್ಕಳು, ಇದನ್ನು ಕಲಿಸಲು ಶುಲ್ಕ ಬೇರೆ ಪಡೆದರು ಎಂದು. ನನಗೆ ಆ ನಗು ಹಿತವಾಗಿತ್ತು.

ಆಕೆಯ ಮುಖ ಬೆಳ್ಳಗಾಗಿತ್ತು. ಮೊದಲು ತಮಿಳಿನಲ್ಲಿ ಎಲ್ಲರಿಗೂ ಹೇಳಿದಳು. ತನಗೆ ಬಟ್ಟೆ ಕೊಟ್ಟವರು ಉದ್ದ ನೂಲನ್ನೇ ಸುಟ್ಟು ತೋರಿಸಿದ್ದರು, ತಾನೂ ಹಾಗೇ ಕಲಿತೆ, ಹಾಗೇ ತೋರಿಸುತ್ತಾ ಬಂದೆ ಎಂದು. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ನಿಜವೇ ಇರಬಹುದು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಒಬ್ಬರೇ ಇದ್ದಾಗ ಹೇಳ್ಬಹುದಿತ್ತಲ್ಲ ಅಕ್ಕ ನೀವು. ಇಷ್ಟು ಜನರ ಎದುರು ಮಾನ ತೆಗೆದ್ರಿ" ಎಂದಳು.

"ಹೌದು. ತೆಗೆದೆ."

"ನಿಮ್ಮ ಯಜಮಾನ್ರು ಅದೇ ಕೆಲಸದಲ್ಲಿದ್ದವ್ರು ಅಂತ ಅವತ್ತೇ ಹೇಳಿದ್ರಿ. ಅವ್ರಿಗೆ ಗೊತ್ತಾಗ್ಲಿಲ್ವಾ? ಮುಟ್ಟಿದ್ರೆ ತಿಳೀತಿತ್ತು ಅಂದಿದ್ರಿ. ಗೊತ್ತಿದ್ದೂ ಹಾಕಿದ್ರೆ ನಾನೆಂತ ಮಾಡುದು?"

ತನ್ನನ್ನು ಉಳಿಸಿಕೊಳ್ಳಲು ಕೈಗೆ ಸಿಕ್ಕಿದ್ದನ್ನು ಎಸೆದಳು, ಅಷ್ಟೆ. ಆದರೆ ಅದು ನನಗೆ ತಾಗಿತು. ಆ ಕಪ್ಪು ಮಣಿಗಳನ್ನು ನೋಡಿದ ಮೇಲೆ ನಾನು ಯೋಚಿಸದೆ ಬಿಟ್ಟದ್ದು ಅದೊಂದೇ. ಎರಡು ಬೆರಳಿನಲ್ಲಿ ತಿಕ್ಕಿ, ನನ್ನ ಮುಖ ನೋಡಿ, ಆಯ್ತು ಹೊಲಿ ಎಂದರು. ಏಪ್ರಿಲ್ ತಿಂಗಳಲ್ಲಿ ಬನಿಯನ್ ಕೇಳಿದರು. ಚಳಿ ಎಂದರು. ಬಟ್ಟೆ ಪಾಲಿಯೆಸ್ಟರ್ ಎಂದು ಅವರಿಗೆ ಆವತ್ತೇ ಗೊತ್ತಿತ್ತು. ನಾನು ಸುಟ್ಟು ನೋಡಿಲ್ಲ ಎಂದೂ ಗೊತ್ತಿತ್ತು. ಊರಿನ ಮಾತು ಸಿಕ್ಕಿತು ಎಂದು ನಾನು ಹಿಗ್ಗಿ ಬಂದಿದ್ದೆ, ಆ ಹಿಗ್ಗು ಕೆಡಿಸುವುದು ಬೇಡ ಎಂದು ನಲವತ್ತೊಂದು ದಿನ ಮೈ ಕೆರೆದುಕೊಂಡರು.

ಹನ್ನೊಂದು ಜನ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಕನ್ನಡ ತಿಳಿಯದು.

"ಗೊತ್ತಿತ್ತು ಅವ್ರಿಗೆ" ಎಂದೆ. "ನನ್ನನ್ನು ನೋಯಿಸ್ಬಾರ್ದು ಅಂತ ಮೈ ಕೆರ್ಕೊಂಡೇ ಹಾಕ್ಕೊಂಡ್ರು. ನಿಮ್ಮನ್ನು ನಂಬಿದ್ದಕ್ಕೆ ಅಲ್ಲ."

ಥಾನಿನ ಮೇಲಿನ ಚೀಟಿ ಕಿತ್ತು ಆಕೆಯ ಮುಂದಿಟ್ಟೆ. ಹಿಂಬದಿಯಲ್ಲಿ ಬರೆಯಿರಿ ಎಂದೆ, ಅಡ್ಡ ನೂಲು ಪಾಲಿಯೆಸ್ಟರ್ ಎಂದು, ತಮಿಳಿನಲ್ಲಿ, ದೊಡ್ಡದಾಗಿ. ಆಕೆ ಒಮ್ಮೆ ಎಲ್ಲರನ್ನೂ ನೋಡಿದಳು. ಯಾರೂ ಕೂತುಕೊಳ್ಳಲಿಲ್ಲ. ಬರೆದಳು. ನಾನೇ ಪಿನ್ ಹಾಕಿ ಥಾನಿಗೆ ಚುಚ್ಚಿದೆ. ಮೆಟ್ಟಿಲು ಇಳಿದು ಬಸ್ ಸ್ಟಾಪಿಗೆ ಬಂದೆ. ಸೇಡು ತೀರಿಸಿಕೊಂಡವರಿಗೆ ಏನೂ ಸಿಗುವುದಿಲ್ಲ ಎನ್ನುವುದನ್ನು ಕೇಳಿದ್ದೇನೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಪೆರಂಬೂರಿನವರೆಗೆ ನಿದ್ದೆ ಮಾಡಿದೆ. ಹಗಲು ನಿದ್ದೆ ಬಂದದ್ದು ಅವರು ಹೋದ ಮೇಲೆ ಅದೇ ಮೊದಲು.

ಬುದ್ಧಿ ಇದ್ದವಳಾದರೆ ಆಕೆ ಅಲ್ಲಿಗೆ ನನ್ನ ದಾರಿ ಬಿಡಬೇಕಿತ್ತು. ಒಂಬತ್ತು ದಿನ ಕಳೆದು, ಮಧ್ಯಾಹ್ನ ಬಾಗಿಲು ಬಡಿದ ಶಬ್ದ. ತೆಗೆದರೆ ಆಕೆ. ಮೂರು ಮಹಡಿ ಹತ್ತಿ ಬೆವರಿದ್ದಳು, ಕಂಕುಳಲ್ಲಿ ಒಂದು ಚೀಲ. ಪಾಠಕ್ಕೆ ಹೆಸರು ಬರೆಸುವಾಗ ಕೊಟ್ಟ ವಿಳಾಸ ನೋಡಿ ಬಂದಿದ್ದಳು. ಒಳಗೆ ಬನ್ನಿ ಎನ್ನಲಿಲ್ಲ. ಹೋಗಿ ಎಂದೂ ಹೇಳಲಿಲ್ಲ. ಆಕೆ ಹೊಸ್ತಿಲ ಹೊರಗೇ ನಿಂತು ಚೀಲದಿಂದ ಮೂರು ಬಟ್ಟೆಯ ತುಂಡು ತೆಗೆದಳು.

"ಹೊಸದು ತರಿಸ್ಬೇಕು ಅಕ್ಕ. ಮಾರುವ ಮೊದ್ಲು ನೀವೊಮ್ಮೆ ನೋಡಿದ್ರೆ ಒಳ್ಳೇದಿತ್ತು."

"ನಾನ್ಯಾಕೆ ನೋಡ್ಬೇಕು?"

"ಅಲ್ಲಿ ಈಗ ನಾನು ಸುಟ್ಟು ತೋರಿಸಿದ್ರೆ ಯಾರೂ ನಂಬುದಿಲ್ಲ. ಪೆರಂಬೂರಿನ ಅಕ್ಕ ನೋಡಿದ್ದಾರಾ ಅಂತ ಕೇಳ್ತಾರೆ."

ನನಗೆ ಒಳಗೊಳಗೆ ಖುಷಿಯಾಯಿತು. ಮುಖದಲ್ಲಿ ತೋರಿಸಲಿಲ್ಲ. ತಟ್ಟೆ, ಚಿಮಟ ತಂದು ಹೊಸ್ತಿಲ ಮೇಲಿಟ್ಟು, ನಾನು ಒಳಗೆ ಸ್ಟೂಲಿನ ಮೇಲೆ ಕೂತೆ. ಆಕೆ ಹೊರಗೆ ನೆಲದ ಮೇಲೆ ಕೂತಳು. ಒಂದೊಂದರಲ್ಲೂ ಉದ್ದದ್ದೊಂದು, ಅಡ್ಡದ್ದೊಂದು ಆಕೆಯ ಕೈಯಿಂದಲೇ ಎಳೆಸಿದೆ, ಸುಡಿಸಿದೆ. ಎರಡು ಒಳ್ಳೆಯ ಹತ್ತಿ. ಮೂರನೆಯದು ಬೆರಕೆ. ಅದನ್ನು ಪಕ್ಕಕ್ಕೆ ತೆಗೆದಿಟ್ಟಳು.

ಎಲ್ಲ ಮುಗಿದ ಮೇಲೂ ಆಕೆ ಏಳಲಿಲ್ಲ. "ಆ ಬಿದಿರಿನ ಬಟ್ಟೆಯಲ್ಲಿ ಒಂದು ರವಿಕೆ ಹೊಲಿಸಿ ಹಾಕಿದೆ ಅಕ್ಕ. ಮೂರು ದಿನ" ಎಂದಳು. ಸೆರಗು ಸರಿಸಿ ತೋಳು ತೋರಿಸಿದಳು. ಕಂಕುಳಿನ ಹತ್ತಿರ ಕೆಂಪಗೆ ಎದ್ದಿತ್ತು. "ಬೆವರಿದ್ರೆ ಕಚ್ತದೆ. ಕೆಟ್ಟ ತುರಿಕೆ. ಅದಕ್ಕೇ ಬಂದೆ."

ಆ ಗಂಧೆಯನ್ನು ನಾನು ಚೆನ್ನಾಗಿ ನೋಡಿದೆ. ಅವರಿಗೂ ಅಲ್ಲೇ, ಹಾಗೇ ಎದ್ದಿತ್ತು. ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೆ ಕರಗಿ ಒಳಗೆ ಕರೆದು ಎಣ್ಣೆ ಹಚ್ಚುತ್ತಿದ್ದರೇನೋ. ನನಗೆ ಮೂರು ದಿನ ಎಂಬ ಮಾತೇ ಕಿವಿಯಲ್ಲಿ ನಿಂತಿತು.

"ಅವ್ರು ನಲವತ್ತೊಂದು ದಿನ ಹಾಕಿದ್ರು," ಎಂದೆ. "ನೀವೂ ಹಾಕಿ. ಆಮೇಲೆ ಬನ್ನಿ, ಕೂತು ಮಾತಾಡುವಾ."

ಆಕೆ ನನ್ನನ್ನು ನೋಡಿದಳು. ತಮಾಷೆ ಮಾಡುತ್ತಿದ್ದೇನೆಯೇ ಎಂದು ನೋಡಿದಳು. ಆಮೇಲೆ ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡು, "ಒಳಗೆ ಬನಿಯನ್ ಹಾಕ್ಬಹುದಾ ಅಕ್ಕ?" ಎಂದು ಕೇಳಿದಳು. ಅವರ ಬನಿಯನ್ ವಿಷಯ ಆಕೆಗೆ ಗೊತ್ತಿಲ್ಲ. ನಾನು ಎಲ್ಲಿಯೂ ಹೇಳಿಲ್ಲ.

ತಟ್ಟೆಯ ಬೂದಿಯನ್ನು ಒರೆಸಿದೆ. "ಹಾಕಿ" ಎಂದೆ.

ಸಂಜೆ ಮಗಳಿಗೆ ಹೇಳಿದೆ. "ಪಾವಮ್ಮಾ ಅವಂಗ," ಎಂದಳು, ಪಾಪ ಎಂದು. ಆಮೇಲೆ, "ಆಕೆ ನಿಜವಾಗಿ ಹಾಕುತ್ತಾಳೆ ಅಂತ ನಂಬುತ್ತೀಯಾ?" ಎಂದು ಕೇಳಿದಳು. ಗೊತ್ತಿಲ್ಲ. ಹಾಕದೆ ಹಾಕಿದೆ ಎಂದು ಹೇಳಬಹುದು, ಆದರೆ ಚರ್ಮ ನೋಡಿದರೆ ನನಗೆ ತಿಳಿಯುತ್ತದೆ.

ಆ ಮೂರು ದಿನವನ್ನೂ ಸೇರಿಸಿದರೆ ಇವತ್ತಿಗೆ ಹದಿನೇಳನೆಯ ದಿನ. ಈ ವರ್ಷ ಮಳೆ ತಡವಾಗಿದೆ, ಸೆಕೆ ಇನ್ನೂ ಹೋಗಿಲ್ಲ. ಆಕೆ ಬೆವರುತ್ತಿರಬೇಕು. ನಾನು ದಿನಾ ಬೆಳಿಗ್ಗೆ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕುತ್ತೇನೆ. ನಲವತ್ತೊಂದನೆಯ ದಿನ ಗುರುವಾರ ಬೀಳುತ್ತದೆ. ಬಂದರೆ ಒಳಗೆ ಕರೆದು ಕುರ್ಚಿ ಹಾಕುತ್ತೇನೆ. ಬರದಿದ್ದರೆ ಶನಿವಾರ ಪಾಠದ ಹೊತ್ತಿಗೆ ನಾನೇ ಹೋಗುತ್ತೇನೆ.